ರೋಗದ ಹೆಸರನ್ನು ಹೇಳಿದವನು

ಅಮೆರಿಕೆಯ ಆರೋಗ್ಯಾಧಿಕಾರಿ ಥಾಮಸ್ ಪರ್ರಾನನ ಬಾಳನ್ನು ಓದುವಾಗಲೆಲ್ಲ ನನಗೆ ಅದು ಒಂದು ಹೆಸರಿನ ಕಥೆಯೆಂದೇ ತೋರುತ್ತದೆ. ಸಿಫಿಲಿಸ್ ಎಂಬ ಆ ಹೆಸರನ್ನು ಆತನ ಕಾಲದ ಸಭ್ಯರು ನಾಲ್ವರ ಎದುರು ಉಚ್ಚರಿಸುತ್ತಿರಲಿಲ್ಲ. ನಮ್ಮಲ್ಲಿ ಮಾತ್ರ ಬೇರೆಯೇನು? ಅದನ್ನು ಫಿರಂಗಿರೋಗವೆಂದು ಕರೆದೆವು. ಇದು ನಮ್ಮ ಮನೆಯದಲ್ಲವೆಂಬ ಸಮಾಧಾನ ಆ ಮಾತಿನಲ್ಲಿಯೇ ಅಡಗಿದೆ.

ಪರ್ರಾನ್ ಹುಟ್ಟಿದ್ದು 1892ರಲ್ಲಿ, ಮೇರಿಲ್ಯಾಂಡಿನಲ್ಲಿ. ವೈದ್ಯನಾಗಿ 1917ರಲ್ಲಿ ಸರಕಾರದ ಆರೋಗ್ಯ ಸೇವೆಯನ್ನು ಸೇರಿ, 1926ರಲ್ಲಿ ಅದರ ಗುಹ್ಯರೋಗ ವಿಭಾಗಕ್ಕೆ ಮುಖ್ಯಸ್ಥನಾದನು. 1930ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಆರೋಗ್ಯಾಧಿಕಾರಿಯಾದನು. 1934ರ ನವೆಂಬರಿನಲ್ಲಿ ಆತನ ರೇಡಿಯೋ ಭಾಷಣವೊಂದು ಗೊತ್ತಾಗಿತ್ತು. ರೋಗದ ಹೆಸರನ್ನೆತ್ತಕೂಡದೆಂದು ಪ್ರಸಾರ ಸಂಸ್ಥೆಯವರು ಕಟ್ಟುಮಾಡಿದರು. ಆತನು ಮಾತನಾಡಲೊಪ್ಪಲಿಲ್ಲ, ಆ ಹೊತ್ತಿನಲ್ಲಿ ಕೇಳುಗರಿಗೆ ಸಂಗೀತ ದೊರೆಯಿತು.

1936ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆತನನ್ನು ಸರ್ಜನ್ ಜನರಲ್ ಪದವಿಗೆ ನೇಮಿಸಿದನು. ಅದೇ ವರ್ಷ ಪರ್ರಾನನ ಲೇಖನಗಳು ಜನಪ್ರಿಯ ಪತ್ರಿಕೆಗಳಲ್ಲಿ ಬಂದವು. ಮರುವರ್ಷ ಪುಸ್ತಕವೂ ಬಂದಿತು. ಆತನ ವಾದ ಸರಳವಾದುದು. ಸಿಫಿಲಿಸ್ ಪಾಪದ ಫಲವೆಂದು ಉಪದೇಶ ಮಾಡುತ್ತ ಕುಳಿತರೆ ಅದು ತೊಲಗುವುದಿಲ್ಲ. ಕ್ಷಯದಂತೆ, ಸಿಡುಬಿನಂತೆ ಅದೂ ಒಂದು ಸೋಂಕು. ರಕ್ತಪರೀಕ್ಷೆಯಿಂದ ರೋಗಿಯನ್ನು ಗುರುತಿಸಬೇಕು. ಯಾರಿಂದ ಬಂದಿತು, ಯಾರಿಗೆ ಹೋಯಿತೆಂದು ವಿಚಾರಿಸಿ ಅವರನ್ನೂ ಪರೀಕ್ಷಿಸಬೇಕು. ಬಡವನಿಗೂ ಚಿಕಿತ್ಸೆ ದೊರೆಯಬೇಕು. ಮದುವೆಗೆ ಮುನ್ನ, ಬಸುರಿನ ಮೊದಲಲ್ಲಿ ಪರೀಕ್ಷೆಯಾಗಬೇಕು. ಸ್ಕಾಂಡಿನೇವಿಯದ ದೇಶಗಳು ಇದನ್ನು ಮಾಡಿ ತೋರಿಸಿದ್ದವು. ಆಗಿನ ಚಿಕಿತ್ಸೆಯಾದರೋ ಆರ್ಸೆನಿಕ್ ಮತ್ತು ಬಿಸ್ಮತ್ ಸೂಜಿಮದ್ದು. ವಾರವಾರವೂ ಚುಚ್ಚಿಸಿಕೊಂಡು ವರ್ಷವನ್ನೇ ದಾಟಬೇಕು. ನಡುವೆ ಬಿಟ್ಟುಹೋದವರು ಬಹು ಮಂದಿ. ಅವರನ್ನು ಹುಡುಕಿ ಮರಳಿ ಕರೆತರುವುದೂ ಆರೋಗ್ಯ ಇಲಾಖೆಯ ಕೆಲಸವಾಯಿತು. 1938ರಲ್ಲಿ ಅಮೆರಿಕೆಯ ಸಂಸತ್ತು ಇದಕ್ಕೆಂದೇ ಕಾನೂನು ಮಾಡಿ ಸಂಸ್ಥಾನಗಳಿಗೆ ಹಣ ಒದಗಿಸಿತು. 1943ರಲ್ಲಿ ಪೆನಿಸಿಲಿನ್ ಈ ರೋಗವನ್ನು ಗುಣಪಡಿಸುವುದು ಕಂಡುಬಂದ ಮೇಲೆ ವರ್ಷಗಳ ಚಿಕಿತ್ಸೆ ದಿನಗಳಿಗಿಳಿಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಬ್ಬ ಧೀರನ ಚರಿತ್ರೆಯಾಗುತ್ತಿತ್ತು. ಆದರೆ ಆತನ ಇಲಾಖೆಯೇ 1932ರಿಂದ ಅಲಬಾಮದ ಟಸ್ಕೀಗಿಯಲ್ಲಿ 399 ಮಂದಿ ಕಪ್ಪುಜನರ ಸಿಫಿಲಿಸನ್ನು ಗುಣಪಡಿಸದೆ ನೋಡುತ್ತಿದ್ದಿತು. ಅವರಿಗೆ ರೋಗದ ಹೆಸರನ್ನೇ ತಿಳಿಸಲಿಲ್ಲ. ರಕ್ತ ಕೆಟ್ಟಿದೆ ಎಂದಷ್ಟೇ ಹೇಳಿದರು. ಆ ಪ್ರಯೋಗವನ್ನು ಪರ್ರಾನ್ ಆರಂಭಿಸಿದವನಲ್ಲ. ಆದರೆ 1936ರಿಂದ 1948ರವರೆಗೆ, ಪೆನಿಸಿಲಿನ್ ಕೈಗೆ ಬಂದ ಮೇಲೆಯೂ, ನಿಲ್ಲಿಸಬಲ್ಲ ಪೀಠದಲ್ಲಿದ್ದು ನಿಲ್ಲಿಸಲಿಲ್ಲ. ಆತನ ಅಧಿಕಾರದಲ್ಲಿಯೇ, 1946ರಿಂದ, ಗ್ವಾಟೆಮಾಲದಲ್ಲಿ ಕೈದಿಗಳಿಗೂ ಮನೋರೋಗಿಗಳಿಗೂ ಬೇಕೆಂದೇ ಸೋಂಕು ತಗುಲಿಸಿದರು. ಆ ಕಾಲವೇ ಹಾಗಿತ್ತೆಂಬ ಸಮರ್ಥನೆಯನ್ನು ನಾನೊಪ್ಪಲಾರೆ: ಮೌನವೇ ಈ ರೋಗಕ್ಕೆ ಆಸರೆಯೆಂದು ಆತನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಪರ್ರಾನ್ ಮುಂದೆ ಪಿಟ್ಸ್‌ಬರ್ಗಿನಲ್ಲಿ ಸಾರ್ವಜನಿಕ ಆರೋಗ್ಯ ವಿದ್ಯಾಲಯವನ್ನು ಕಟ್ಟಿ ನಡೆಸಿ, 1968ರಲ್ಲಿ ತೀರಿಕೊಂಡನು. ಟಸ್ಕೀಗಿಯ ಸಂಗತಿ ಪತ್ರಿಕೆಗಳಲ್ಲಿ ಹೊರಬಿದ್ದುದು 1972ರಲ್ಲಿ. 2018ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯವು ಒಂದು ಕಟ್ಟಡದ ಮೇಲಿದ್ದ ಆತನ ಹೆಸರನ್ನು ತೆಗೆದುಹಾಕಿತು.