ವೃತ್ತಪತ್ರಿಕೆಯವರೂ ಕಥನಪ್ರಿಯರೂ ಆಗಿದ್ದ ಡಿ. ವಿ. ಗುಂಡಪ್ಪನವರು

ವೃತ್ತಪತ್ರಿಕೆಯ ಆಯುಷ್ಯವು ಒಂದು ದಿವಸದ್ದು. ಬೆಳಗ್ಗೆ ಆದರದಿಂದ ಬಿಚ್ಚಿ ಓದಿದ ಹಾಳೆಯೇ ಮರುದಿನ ಅಂಗಡಿಯವನ ಪೊಟ್ಟಣವಾಗುವುದು. ಇಂತಹ ಉದ್ಯೋಗದಲ್ಲಿ ಜೀವಮಾನವನ್ನು ಸವೆಸಿಯೂ ಬಾಳುವ ಬರವಣಿಗೆಯನ್ನು ಬಿಟ್ಟುಹೋದವರು ವಿರಳ. ದಿವಂಗತ ಡಿ. ವಿ. ಗುಂಡಪ್ಪನವರು ಆ ವಿರಳರಲ್ಲಿ ಅಗ್ರಗಣ್ಯರು.

ಇವರು 1887ನೆಯ ಇಸವಿ ಮಾರ್ಚಿ 17ರಂದು ಮುಳಬಾಗಿಲಿನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಹೊಟ್ಟೆಯ ಪಾಡಿಗಾಗಿ ಸೋಡಾ ಕಾರ್ಖಾನೆಯಲ್ಲಿಯೂ ದುಡಿದರು. ತರುವಾಯ ಬೆಂಗಳೂರಿನ ಪತ್ರಿಕೆಗಳ ಕಚೇರಿಗಳನ್ನು ಸೇರಿ, ಸಂಸ್ಕೃತ ಹಾಗೂ ಇಂಗ್ಲಿಷ್ ಗ್ರಂಥಗಳನ್ನು ಸ್ವಪ್ರಯತ್ನದಿಂದಲೇ ವ್ಯಾಸಂಗಮಾಡಿದರು.

ಅದು ಕಠಿಣ ಕಾಲ. 1908ರಲ್ಲಿ ಮೈಸೂರು ಸಂಸ್ಥಾನವು ಪತ್ರಿಕಾಶಾಸನವನ್ನು ಜಾರಿಗೆ ತಂದಿತು. ಎಂ. ವೆಂಕಟಕೃಷ್ಣಯ್ಯನವರಂತಹ ಹಿರಿಯರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಹೀಗಿದ್ದಾಗ್ಯೂ ಗುಂಡಪ್ಪನವರು 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಅರ್ಧವಾರಪತ್ರಿಕೆಯನ್ನು ಹೊರಡಿಸಿದರು. ದಿವಾನ್ ವಿಶ್ವೇಶ್ವರಯ್ಯನವರ ಸ್ನೇಹವಿದ್ದರೂ ಅವರ ಲೇಖನಿಯು ಸ್ವತಂತ್ರವಾಗಿಯೇ ಉಳಿಯಿತು. 1921ರಲ್ಲಿ ಆ ಪತ್ರಿಕೆ ನಿಂತುಹೋದರೂ ಉದ್ಯೋಗದ ಧರ್ಮವನ್ನು ಅವರು ಬಿಡಲಿಲ್ಲ. ಬಾಗಲಕೋಟೆಯಲ್ಲಿ 1928ರಲ್ಲಿ ಸೇರಿದ ಪತ್ರಿಕಾಕರ್ತರ ಪ್ರಥಮ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು.

ರಾಜ್ಯಶಾಸ್ತ್ರದ ಶುಷ್ಕ ಚರ್ಚೆಯಲ್ಲಿ ನುರಿತ ಈ ಲೇಖನಿಗೆ ಮನುಷ್ಯರ ಕಥೆಯೆಂದರೆ ಅಪಾರ ಪ್ರೀತಿ. ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳೇ ಇದಕ್ಕೆ ಸಾಕ್ಷಿ. ಮೈಸೂರಿನ ದಿವಾನರು ಅಲ್ಲಿ ಒಂದು ಸಂಪುಟದಲ್ಲಿ ಬರುವರು. ಸಂಗೀತಗಾರರು, ವೈದಿಕರು, ಹೆಸರಿಲ್ಲದ ಹೃದಯವಂತರು ಬೇರೆ ಸಂಪುಟಗಳಲ್ಲಿ ಬರುವರು. ಯಾರಿಗೂ ಕೆಳಗಿನ ಪೀಠವಿಲ್ಲ. ಒಬ್ಬ ದಿವಾನರ ಆಡಳಿತವನ್ನು ತೂಗುವ ಶ್ರದ್ಧೆಯಿಂದಲೇ ಒಬ್ಬ ಬಡ ಗೃಹಸ್ಥನ ಔದಾರ್ಯವನ್ನೂ ತೂಗಿದ್ದಾರೆ. ಹಾಸ್ಯವುಂಟು, ಕುಚೋದ್ಯವಿಲ್ಲ, ಗೌರವವುಂಟು, ಮುಖಸ್ತುತಿಯಿಲ್ಲ. ಕಾಲವಾದವರ ವಿಷಯದಲ್ಲಿಯೂ ಸತ್ಯವನ್ನು ಮೀರದಿರುವುದು ಪತ್ರಿಕಾಕರ್ತನ ಅಭ್ಯಾಸವೇ ಅಲ್ಲವೆ?

ಅವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. 1970ರಲ್ಲಿ ನಾಗರಿಕರು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಆ ಸಂಸ್ಥೆಗೇ ಕೊಟ್ಟುಬಿಟ್ಟರು. 1975ನೆಯ ಅಕ್ಟೋಬರ್ 7ರಂದು ದೈವಾಧೀನರಾದರು.

‘ಮಂಕುತಿಮ್ಮನ ಕಗ್ಗ’ದ ಕವಿಯನ್ನು ನಾಡೆಲ್ಲ ಬಲ್ಲದು, ಪತ್ರಿಕಾಕರ್ತ ಗುಂಡಪ್ಪನವರನ್ನು ಬಲ್ಲವರು ಕಡಮೆ. ಅಧಿಕಾರದಲ್ಲಿರುವವರೂ ಲೇಖನಿ ಹಿಡಿದವರೂ ಆ ಚಿತ್ರಶಾಲೆಯನ್ನು ಒಮ್ಮೆ ಹೊಕ್ಕು ಬರಬೇಕು. ಪ್ರಜೆಯೆಂಬುದು ಬರಿಯ ಗಣತಿಯ ಅಂಕಿಯಲ್ಲ, ಒಬ್ಬೊಬ್ಬನದೂ ಒಂದು ಕಥೆಯೆಂಬುದು ಅಲ್ಲಿ ಮನವರಿಕೆಯಾಗುವುದು. ಆ ಅರಿವಿಲ್ಲದ ಆಡಳಿತವೂ ನಿರ್ಜೀವ, ಪತ್ರಿಕೆಯೂ ನಿರ್ಜೀವ.