ವಾಲ್ಕೂರಿನ ಮೆಕ್ಯಾನಿಕ್

ಬೊಂಬಾರ್ಡಿಯರ್ ಅಂದ ತಕ್ಷಣ ನಮಗೆ ವಿಮಾನವೋ ದೆಹಲಿ ಮೆಟ್ರೊ ಬೋಗಿಯೋ ನೆನಪಾಗುತ್ತೆ. ಆದರೆ ಆ ಹೆಸರಿನ ಮನುಷ್ಯ, ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್, ಇವೆರಡನ್ನೂ ಮಾಡಿದವರಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಅನ್ನೋ ಸಣ್ಣ ಊರಲ್ಲಿ ಗ್ಯಾರೇಜ್ ಇಟ್ಟಿದ್ದವರು. ಡಿಗ್ರಿ ಇರಲಿಲ್ಲ, ಅಂಚೆಯಲ್ಲಿ ಪಾಠ ತರಿಸಿಕೊಂಡು ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಕಲಿತರು.

ಹುಟ್ಟಿದ್ದು 1907ರಲ್ಲಿ. 15ನೇ ವಯಸ್ಸಿನಲ್ಲಿ ಅಪ್ಪ ಒಂದು ಹಳೇ ಫೋರ್ಡ್ ಮಾಡೆಲ್ ಟಿ ಎಂಜಿನ್ ಕೊಟ್ಟರು, ಬಿಚ್ಚಿ ಜೋಡಿಸಿ ಆಡಿಕೊಳ್ಳಲಿ ಅಂತ. 1922ರ ಕೊನೆಯ ದಿನ ಹುಡುಗ ಅದನ್ನು ಜಾರುಬಂಡಿಯ ಮೇಲೆ ಕೂರಿಸಿ, ಹಿಂದೆ ಪ್ರೊಪೆಲ್ಲರ್ ಕಟ್ಟಿ, ಸಹೋದರನ ಜೊತೆ ಊರ ಬೀದಿಯಲ್ಲಿ ಓಡಿಸೇಬಿಟ್ಟ. ಗಿರಗಿರ ತಿರುಗೋ ಪ್ರೊಪೆಲ್ಲರ್ ನೋಡಿ ಅಪ್ಪ ಹೌಹಾರಿ ಎಲ್ಲವನ್ನೂ ಬಿಚ್ಚಿಹಾಕಿಸಿದರು. ಯಾವ ಅಪ್ಪನಾದರೂ ಅದನ್ನೇ ಮಾಡುತ್ತಿದ್ದ ಬಿಡಿ.

ಆಗ ಅಲ್ಲಿನ ಹಳ್ಳಿ ರಸ್ತೆಗಳಲ್ಲಿ ಹಿಮ ತೆಗೆಯುವ ಪದ್ಧತಿ ಇರಲಿಲ್ಲ. ಚಳಿಗಾಲ ಬಂತೆಂದರೆ ಕಾರು ಶೆಡ್ಡಿಗೆ. ವಸಂತದವರೆಗೂ ಕುದುರೆ ಜಾರುಬಂಡಿಯೇ ಗತಿ. 1926ರಲ್ಲಿ ಗ್ಯಾರೇಜ್ ತೆರೆದ ಅರ್ಮಾಂಡ್, ಹಳೇ ಕಾರುಗಳ ಮುಂದಿನ ಚಕ್ರ ಕಿತ್ತು ಸ್ಕೀ ಹಾಕಿ, ಹಿಂದೆ ಪಟ್ಟಿ ಸುತ್ತಿ ಪ್ರಯೋಗ ಮಾಡುತ್ತಾ ಹೋದರು. ಪಟ್ಟಿ ಅಗಲವಾದಷ್ಟೂ ಭಾರ ಹರಡಿ ಗಾಡಿ ಹೂತುಕೊಳ್ಳೋದು ಕಡಿಮೆ, ಸರಿ. ಆದರೆ ಪಟ್ಟಿಗೂ ಅದನ್ನು ತಿರುಗಿಸುವ ಚಕ್ರಕ್ಕೂ ನಡುವೆ ಹಿಮ ಗಟ್ಟಿಯಾಗಿ ಕೂತರೆ ಹಿಡಿತವೇ ಸಿಗೋದಿಲ್ಲ.

1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಇವೋನ್‌ಗೆ ಅಪೆಂಡಿಕ್ಸ್ ಕೆಟ್ಟು ಹೊಟ್ಟೆಯೊಳಗೆಲ್ಲ ಸೋಂಕು ಹರಡಿತು. ಆಸ್ಪತ್ರೆ ಇದ್ದದ್ದು ದೂರದ ಶೆರ್‌ಬ್ರೂಕ್‌ನಲ್ಲಿ. ದಾರಿಯೆಲ್ಲ ಹಿಮ. ಗ್ಯಾರೇಜಿನಲ್ಲಿದ್ದ ಪ್ರಯೋಗದ ಗಾಡಿ ಹೊರಡುವ ಸ್ಥಿತಿಯಲ್ಲಿರಲಿಲ್ಲ. ಮಗು ಉಳಿಯಲಿಲ್ಲ.

ಮರುವರ್ಷವೇ ಆ ಹಿಡಿತದ ಸಮಸ್ಯೆ ಬಗೆಹರಿಯಿತು. ರಬ್ಬರ್ ಹೊದಿಸಿದ ಸ್ಪ್ರಾಕೆಟ್, ಅದರ ಹಲ್ಲಿಗೆ ಸಿಕ್ಕಿಕೊಳ್ಳುವ ಅಡ್ಡಪಟ್ಟಿಗಳಿರೋ ರಬ್ಬರ್ ಬೆಲ್ಟ್, ಅಷ್ಟೇ. 1937ರಲ್ಲಿ ಪೇಟೆಂಟ್ ಸಿಕ್ಕಿತು. ಏಳು ಜನ ಕೂರುವ ಬಿ7, ಆಮೇಲೆ ಹನ್ನೆರಡು ಜನರ ಬಿ12 ಬಂದವು. ಡಾಕ್ಟರು, ಪಾದ್ರಿ, ಟಪಾಲು, ಶಾಲೆ ಮಕ್ಕಳು, ಎಲ್ಲರೂ ಅದರಲ್ಲೇ. ಹಿಮ ಕಡಿಮೆ ಇದ್ದರೆ ಬಿ12ರ ಸ್ಕೀ ತೆಗೆದು ಚಕ್ರ ಹಾಕಿದರಾಯಿತು.

1948ರಲ್ಲಿ ಕ್ವಿಬೆಕ್ ಸರ್ಕಾರ ಚಳಿಗಾಲದಲ್ಲೂ ರಸ್ತೆಗಳ ಹಿಮ ತೆಗೆಯಬೇಕೆಂದು ಕಾನೂನು ತಂದಿತು. ಹದಿನಾಲ್ಕು ವರ್ಷ ಮೊದಲೇ ಇದು ಬಂದಿದ್ದರೆ ಇವೋನ್ ಬದುಕುತ್ತಿದ್ದನೇನೋ. ಈಗ ಬಂದಾಗ ಬಿದ್ದದ್ದು ಅಪ್ಪನ ವ್ಯಾಪಾರ. ಅರ್ಮಾಂಡ್ ಅದೇ ಪಟ್ಟಿಯನ್ನು ರಸ್ತೆಯೇ ಇಲ್ಲದ ಕಡೆ ಒಯ್ದರು. 1953ರಲ್ಲಿ ಜೌಗುನೆಲಕ್ಕೆ ಮಸ್ಕೆಗ್ ಟ್ರ್ಯಾಕ್ಟರ್, 1959ರಲ್ಲಿ ನಾಯಿಬಂಡಿಯ ಜಾಗಕ್ಕೆ ಪುಟ್ಟ ಸ್ಕೀ-ಡೂ.

1964ರ ಫೆಬ್ರವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 56. ಕಂಪನಿ ರೈಲು, ವಿಮಾನಕ್ಕೆ ಕೈ ಹಾಕಿದ್ದು ಆಮೇಲೆ. 1926ರ ಆ ಗ್ಯಾರೇಜ್ ಈಗಲೂ ವಾಲ್ಕೂರಿನ ಮ್ಯೂಸಿಯಂನಲ್ಲಿದೆ.