ಮಾಯಾ ಕಂದೀಲಿನ ಕ್ರಿಸ್ತಿಯಾನ್ ಹೈಗೆನ್ಸ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹಾಪುರುಷರೊಬ್ಬರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಯಾರಾದರೂ ಸಂತರನ್ನೋ ರಾಷ್ಟ್ರನಾಯಕರನ್ನೋ ಆರಿಸಿಕೊಳ್ಳುವೆನೆಂದು ಅವರು ಭಾವಿಸಿರಬೇಕು. ನಾನು ಆರಿಸಿಕೊಂಡದ್ದು ಡಚ್ ವಿಜ್ಞಾನಿ ಕ್ರಿಸ್ತಿಯಾನ್ ಹೈಗೆನ್ಸರನ್ನು. ಅದರ ಕಾರಣವನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಹೈಗೆನ್ಸರು 1629ರ ಏಪ್ರಿಲ್ 14ರಂದು ಹಾಲೆಂಡಿನ ಹೇಗ್ ನಗರದಲ್ಲಿ ಜನಿಸಿದರು. ತಂದೆ ಕಾನ್‌ಸ್ಟಂಟೈನರು ಪ್ರಸಿದ್ಧ ಕವಿಗಳು, ಸಂಗೀತಜ್ಞರು, ರಾಜಕಾರ್ಯದಲ್ಲಿ ನುರಿತವರು. ಮಗನೂ ತಮ್ಮ ದಾರಿಯಲ್ಲಿಯೇ ನಡೆಯಲೆಂಬುದು ಅವರ ಬಯಕೆ. 1645ರಲ್ಲಿ ಲೈಡನ್ ವಿಶ್ವವಿದ್ಯಾಲಯವನ್ನು ಸೇರಿದ ಮಗ ಕಾನೂನಿನ ಜೊತೆಗೆ ಗಣಿತವನ್ನೂ ಓದಿದರು; ಮನಸ್ಸು ನಿಂತದ್ದು ಗಣಿತದಲ್ಲಿ.

ಅಣ್ಣನೊಡನೆ ಕುಳಿತು ಗಾಜನ್ನು ತಿಕ್ಕಿ ಮಸೂರಗಳನ್ನು ಮಾಡುವುದು ಅವರ ನೆಚ್ಚಿನ ಕೆಲಸವಾಗಿತ್ತು. ಹೀಗೆ ಸ್ವಂತ ಕೈಯಿಂದ ಸಿದ್ಧಪಡಿಸಿದ ದೂರದರ್ಶಕದಿಂದ 1655ರಲ್ಲಿ ಶನಿಗ್ರಹದ ಉಪಗ್ರಹವಾದ ಟೈಟನ್ನನ್ನು ಕಂಡುಹಿಡಿದರು. 1656ರಲ್ಲಿ ಲೋಲಕದ ಗಡಿಯಾರವನ್ನು ರೂಪಿಸಿದರು. ಶನಿಯ ಸುತ್ತ ಕಾಣುವುದು ಗ್ರಹವನ್ನು ಎಲ್ಲಿಯೂ ಮುಟ್ಟದ ತೆಳುವಾದ ಬಳೆಯೆಂದು 1659ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಆಗ ಅವರಿಗೆ ಕೇವಲ ಮೂವತ್ತು ವರ್ಷ.

ಅದೇ 1659ರ ಅವರ ಹಸ್ತಪ್ರತಿಯ ಒಂದು ಪುಟದಲ್ಲಿ ಸಣ್ಣ ಸಣ್ಣ ಅಸ್ಥಿಪಂಜರಗಳ ಚಿತ್ರಗಳಿವೆ. ಒಂದು ಅಸ್ಥಿಪಂಜರ ತನ್ನ ತಲೆಯನ್ನೇ ಕಿತ್ತು ಕೈಯಲ್ಲಿ ಹಿಡಿಯುತ್ತದೆ, ಮರಳಿ ಇಟ್ಟುಕೊಳ್ಳುತ್ತದೆ. ಗಾಜಿನ ಮೇಲೆ ಬರೆದು, ದೀಪದ ಬೆಳಕಿನಿಂದ ಗೋಡೆಯ ಮೇಲೆ ಮೂಡಿಸಿ ಆಡಿಸುವ ಚಿತ್ರಗಳಿವು. ಮಾಯಾ ಕಂದೀಲಿನ ಅತ್ಯಂತ ಹಳೆಯ ದಾಖಲೆ ಇದೇ.

ಅದರ ರಚನೆ ಸರಳವಾದುದು. 1694ರಲ್ಲಿ ಅವರು ಬರೆದಿಟ್ಟ ನಕ್ಷೆಯಲ್ಲಿ ಎಲ್ಲವೂ ಸಾಲಾಗಿವೆ: ಹಿಂದೆ ನಿಮ್ನ ದರ್ಪಣ, ಅದರ ಮುಂದೆ ದೀಪ, ಆಮೇಲೆ ಒಂದು ಮಸೂರ, ಗಾಜಿನ ಚಿತ್ರ, ಇನ್ನೊಂದು ಮಸೂರ, ಕೊನೆಗೆ ಗೋಡೆ. ದರ್ಪಣವು ಹಿಂದಕ್ಕೆ ಚೆದರುವ ಬೆಳಕನ್ನು ಮುಂದಕ್ಕೆ ತಳ್ಳುತ್ತದೆ. ಮೊದಲ ಮಸೂರವು ಆ ಬೆಳಕನ್ನು ಚಿತ್ರದ ಮೇಲೆ ಕೂಡಿಸುತ್ತದೆ. ಎರಡನೆಯದು ಚಿತ್ರವನ್ನು ಹಿಗ್ಗಿಸಿ ತಲೆಕೆಳಗು ಮಾಡುತ್ತದೆ. ಆದುದರಿಂದ ಗಾಜನ್ನು ತಲೆಕೆಳಗಾಗಿಯೇ ಇಡಬೇಕು. ಕೊರತೆಯೆಂದರೆ ಬೆಳಕಿನದು. ಮೇಣದ ಬತ್ತಿ, ಎಣ್ಣೆಯ ದೀಪಗಳ ಮಂದ ಬೆಳಕು ಕತ್ತಲೆಯ ಸಣ್ಣ ಕೋಣೆಗೆ ಮಾತ್ರ ಸಾಲುತ್ತಿತ್ತು. ಹೊಗೆ ಹೋಗಲು ಮೇಲೊಂದು ಕೊಳವೆಯೂ ಬೇಕಾಗುತ್ತಿತ್ತು.

ಇಂತಹ ಸಾಧನವನ್ನು ಮಾಡಿದವರು ಅದಕ್ಕಾಗಿ ಹೆಮ್ಮೆಪಟ್ಟರೆ? ಇಲ್ಲ, ನಾಚಿಕೊಂಡರು. 1662ರಲ್ಲಿ ಪ್ಯಾರಿಸ್ಸಿನಲ್ಲಿದ್ದ ತಂದೆಯವರು ಅರಮನೆಯಲ್ಲಿ ತೋರಿಸುವುದಕ್ಕಾಗಿ ಒಂದು ಕಂದೀಲನ್ನು ಕಳುಹಿಸಲು ಹೇಳಿದರು. ತಂದೆಯ ಮಾತನ್ನು ಮೀರುವಂತಿಲ್ಲ; ಆದರೆ ಇಂತಹ ಆಟಿಕೆ ತಮ್ಮ ಕೈಯದೆಂದು ತಿಳಿದರೆ ಮನೆತನದ ಗೌರವಕ್ಕೆ ಕುಂದೆಂಬ ಅಳುಕು. ಅಲ್ಲಿಯೇ ಇದ್ದ ತಮ್ಮ ಲೋಡೆವೈಕನಿಗೆ ಅವರು ಗುಟ್ಟಾಗಿ ಪತ್ರ ಬರೆದು, ಕಂದೀಲು ಕೆಲಸಮಾಡದಂತೆ ಅದರ ಒಂದು ಮಸೂರವನ್ನು ತೆಗೆದಿಡುವಂತೆ ಸೂಚಿಸಿದರು. ಈ ಸಾಧನದ ಬಗೆಗೆ ಅವರು ಏನನ್ನೂ ಪ್ರಕಟಿಸಲಿಲ್ಲ. ಡೆನ್ಮಾರ್ಕಿನ ವಾಲ್ಗೆನ್‌ಸ್ಟೈನ್ ಎಂಬವನು ಅದನ್ನು ಊರೂರಿಗೆ ಒಯ್ದು ತೋರಿಸಿದನು. ಕೀರ್ತಿಯು ಬಹುಕಾಲ ಕಿರ್ಚರ್ ಎಂಬ ಪಾದ್ರಿಯ ಪಾಲಾಗಿತ್ತು.

1666ರಲ್ಲಿ ಹೈಗೆನ್ಸರು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ಬೆಳಕು ಅಲೆಗಳಾಗಿ ಹರಡುತ್ತದೆಂಬ ತಮ್ಮ ವಾದವನ್ನು 1678ರಲ್ಲಿ ಅಲ್ಲಿ ಮಂಡಿಸಿದರು. ಅದು 1690ರಲ್ಲಿ ಗ್ರಂಥರೂಪವಾಗಿ ಬಂದಿತು. ಅನಾರೋಗ್ಯದಿಂದ 1681ರಲ್ಲಿ ತಾಯ್ನಾಡಿಗೆ ಮರಳಿದವರು ಮತ್ತೆ ಪ್ಯಾರಿಸ್ಸಿಗೆ ಹೋಗಲಿಲ್ಲ. ಅವಿವಾಹಿತರಾಗಿಯೇ ಉಳಿದು, 1695ರ ಜುಲೈ 8ರಂದು ಹೇಗ್ ನಗರದಲ್ಲಿ ತೀರಿಕೊಂಡರು.

ಆದರೆ ಅವರು ಮರೆಮಾಡಿದ ಕಂದೀಲು ಆರಲಿಲ್ಲ. 1780ರ ದಶಕದಲ್ಲಿ ಆರ್ಗಾಂಡನ ದುಂಡುಬತ್ತಿಯ ದೀಪ ಬಂದು ಬೆಳಕು ಹೆಚ್ಚಿತು. ಮುಂದೆ ಆಮ್ಲಜನಕ, ಜಲಜನಕಗಳ ಜ್ವಾಲೆಯಲ್ಲಿ ಸುಣ್ಣದ ತುಂಡನ್ನು ಕಾಯಿಸಿ ಪ್ರಖರ ಬೆಳಕನ್ನು ಪಡೆದರು. ಆಮೇಲೆ ವಿದ್ಯುತ್ತು ಬಂದಿತು. ಕೋಣೆಯೊಳಗಿನ ಆಟಿಕೆ ಸಾವಿರಾರು ಜನರೆದುರು ನಿಂತಿತು. ನಾವಿರುವ ಈ ಮಹಾರಾಷ್ಟ್ರದ ಕಲ್ಯಾಣದಲ್ಲಿಯೇ 1892ರಲ್ಲಿ ಮಹಾದೇವ ಗೋಪಾಳ ಪಟವರ್ಧನರು ಶಾಂಬರಿಕ ಖರೋಲಿಕಾ ಎಂಬ ಹೆಸರಿನಿಂದ ಗಾಜಿನ ಚಿತ್ರಗಳ ಮೂಲಕ ಪುರಾಣಕಥೆಗಳನ್ನು ತೋರಿಸತೊಡಗಿದರು. ಚಲನಚಿತ್ರಕ್ಕೂ, ಇಂದು ತರಗತಿಗಳ ಗೋಡೆಯ ಮೇಲೆ ಪಾಠ ಮೂಡಿಸುವ ಪ್ರೊಜೆಕ್ಟರಿಗೂ ಆ ಕಂದೀಲೇ ಮೂಲ. 2005ರ ಜನವರಿ 14ರಂದು ಟೈಟನ್ನಿನ ಮೇಲೆ ಇಳಿದು ಚಿತ್ರಗಳನ್ನು ಕಳುಹಿಸಿದ ನೌಕೆಗೆ ಹೈಗೆನ್ಸರ ಹೆಸರನ್ನೇ ಇಟ್ಟಿದ್ದರು.

ಇನ್ನು ನನ್ನ ಅರಿಕೆ. 1980ರ ಆಸುಪಾಸಿನಲ್ಲಿ, ನಾನು ವಿಜ್ಞಾನ ಕಲಿಸುತ್ತಿದ್ದಾಗ, ಎಂಟನೆಯ ಇಯತ್ತೆಯ ಹುಡುಗನೊಬ್ಬ ರಟ್ಟಿನ ಪೆಟ್ಟಿಗೆಯೊಂದನ್ನು ತಂದಿದ್ದನು. ಸುಟ್ಟುಹೋದ ಬಲ್ಬಿನಲ್ಲಿ ನೀರು ತುಂಬಿ, ಅದರ ಮುಂದೆ ಸಿನಿಮಾ ಫಿಲ್ಮಿನ ಚೂರೊಂದನ್ನು ಸಿಕ್ಕಿಸಿ, ಕಿಟಕಿಯ ಬಿಸಿಲನ್ನು ಕನ್ನಡಿಯಿಂದ ತಿರುಗಿಸಿ ಗೋಡೆಯ ಮೇಲೆ ಚಿತ್ರ ಬೀಳಿಸುತ್ತಿದ್ದನು. ಮಕ್ಕಳೆಲ್ಲ ಸುತ್ತ ನೆರೆದಿದ್ದರು. ಅಂದು ನನ್ನ ಪಾಠ ಮಸೂರಗಳದೇ ಆಗಿತ್ತು. ಆದರೂ ಆಟದ ಸಾಮಾನೆಂದು ಗದರಿಸಿ, ಪೆಟ್ಟಿಗೆಯನ್ನು ಕಸಿದುಕೊಂಡು ಕಪಾಟಿನಲ್ಲಿಟ್ಟು, ಹಲಗೆಯ ಮೇಲೆ ಮಸೂರದ ಚಿತ್ರ ಬರೆದೆ. ಆ ಹುಡುಗ ಆಮೇಲೆ ನನ್ನ ತರಗತಿಯಲ್ಲಿ ಒಮ್ಮೆಯೂ ಪ್ರಶ್ನೆ ಕೇಳಲಿಲ್ಲ; ಮರುವರ್ಷ ಶಾಲೆಯನ್ನೇ ಬಿಟ್ಟನು.

ನಿವೃತ್ತನಾದ ದಿನ ಕಪಾಟನ್ನು ತೆರವು ಮಾಡುವಾಗ ಆ ಪೆಟ್ಟಿಗೆ ಸಿಕ್ಕಿತು. ಮುಂದೆ ಹೈಗೆನ್ಸರ ಚರಿತ್ರೆಯನ್ನು ಓದಿದಾಗ ನನಗೆ ಹೊಳೆದದ್ದು ಇಷ್ಟು: ಅವರು ತೆಗೆಸಬಯಸಿದ್ದು ತಮ್ಮದೇ ಕಂದೀಲಿನ ಮಸೂರವನ್ನು, ನಾನು ತೆಗೆದದ್ದು ಇನ್ನೊಬ್ಬನದನ್ನು.

ಆ ವಿದ್ಯಾರ್ಥಿ ಈಗ ಐವತ್ತು ದಾಟಿರಬೇಕು. ಈ ಸಂಚಿಕೆ ಅವನ ಕೈ ಸೇರಿದರೆ ಒಮ್ಮೆ ನಮ್ಮ ಮನೆಗೆ ಬರಲಿ. ಬಲ್ಬು ಒಡೆದಿಲ್ಲ. ಪೆಟ್ಟಿಗೆ ಅವನದು, ಕ್ಷಮೆ ಕೇಳಬೇಕಾದವನು ನಾನು.